ಬಾಗಿಲಲ್ಲಿ ನಿಲ್ಲುವ ಬಣ್ಣ

ನನ್ನ ಗಂಟಲಿಗೆ ಊರಿಲ್ಲ. ಕರೋಲ್ ಬಾಗಿನ ಬಟ್ಟೆ ಅಂಗಡಿಯ ಸರ್ದಾರ್‌ಜಿ ಗಿರಾಕಿಯನ್ನು ಕೂಗುವ ಧಾಟಿ, ಬಸ್ಸಿನ ಕಂಡಕ್ಟರ್ ತಗಡು ಬಡಿದು ಗದರುವ ಧಾಟಿ, ಚಾಣಕ್ಯಪುರಿಯ ಅತಿಥಿಗೃಹಕ್ಕೆ ನಮ್ಮ ರಾಜ್ಯದಿಂದ ಬಂದಿಳಿಯುವ ದೊಡ್ಡ ಸಾಹೇಬರು 'ಇಡ್ಲಿ ಮೆತ್ತಗಿದೆಯೇನ್ರೀ' ಎಂದು ವಿಚಾರಣಾ ಆಯೋಗದ ಗತ್ತಿನಲ್ಲಿ ಕೇಳುವ ಧಾಟಿ, ಎಲ್ಲವೂ ಅದರೊಳಗೆ ಬಾಡಿಗೆಗೆ ಇವೆ. ಕಣ್ಣು ಮುಚ್ಚಿ ಕೇಳುವವರಿಗೆ ನಾನು ಯಾರು ಬೇಕಾದರೂ ಆಗಬಲ್ಲೆ. ತೊಂದರೆ ಏನೆಂದರೆ, ದೆಹಲಿಯಲ್ಲಿ ಕಣ್ಣು ಮುಚ್ಚಿಕೊಂಡು ಯಾರೂ ಕೆಲಸ ಕೊಡುವುದಿಲ್ಲ. ಕಣ್ಣು ತೆರೆದರೆ ಕಾಣುವುದು ನನ್ನ ಮುಖ. ಅದು ಕಪ್ಪು. ಮದುವೆಯ ಜಾಹೀರಾತುಗಳಲ್ಲಿ 'ಎಣ್ಣೆಗೆಂಪು', 'ಗೋಧಿ ಬಣ್ಣ' ಎಂದೆಲ್ಲ ಧಾರಾಳವಾಗಿ ಸುಳ್ಳು ಬರೆಯುವವರೂ ನನ್ನನ್ನು ಒಮ್ಮೆ ನೋಡಿದರೆ ಪೆನ್ನು ಕೆಳಗಿಟ್ಟು ನೀರು ಕೇಳುತ್ತಾರೆ.

ಹೀಗಿರುವ ನಾನು ಒಂದು ಬಾಗಿಲಲ್ಲಿ ನಿಲ್ಲುವ ಕೆಲಸ ಬೇಕೆಂದು ಆಸೆಪಟ್ಟೆ. ಅದೂ ನಮ್ಮದೇ ಹೋಟೆಲಿನ ಬಾಗಿಲು.

ಹೋಟೆಲು ನನ್ನ ಸೋದರಮಾವನದು. ಉಡುಪಿ ಕಡೆಯಿಂದ ಬಂದು ಕರೋಲ್ ಬಾಗಿನ ಒಂದು ಗಲ್ಲಿಯ ಬಾಯಲ್ಲಿ ಇಡ್ಲಿ ಬೇಯಿಸಲು ಶುರುಮಾಡಿದವರು. ನಾನು ಅದೇ ಕಟ್ಟಡದ ಮೇಲಿನ ಮನೆಯಲ್ಲಿ ಸಾಂಬಾರಿನ ಹಬೆ ಕುಡಿದು ಬೆಳೆದವನು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದೆ. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಮಾವ ಗುರ್ಗಾಂವ್‌ನ ಒಂದು ಮಾಲ್‌ನಲ್ಲಿ ಎರಡನೆಯ ಶಾಖೆ ತೆರೆಯಲು ಹೊರಟರು. ಅಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸಿ, ಕೂರಿಸಿ, ಇಡೀ ಹೊರಾಂಗಣವನ್ನು ನಡೆಸುವ ಮ್ಯಾನೇಜರ್ ಒಬ್ಬರು ಬೇಕಿತ್ತು. ನಾನು ಓದಿದ್ದೇ ಅದಕ್ಕೆ. ನನ್ನ ಜೀವಮಾನದಲ್ಲಿ ನಾನು ಗಂಭೀರವಾಗಿ ಬಯಸಿದ ವಸ್ತುಗಳು ಕಡಿಮೆ, ಅದರಲ್ಲಿ ಆ ಕೆಲಸ ಒಂದು.

ಆದರೆ ಮಾಲ್ ಎಂದರೆ ಮಾವನಿಗೆ ಒಂದು ಬಗೆಯ ಭಯ. ಗಾಜು, ಲಿಫ್ಟು, ಹೊಳೆಯುವ ನೆಲ. 'ಅಲ್ಲಿಯ ರೀತಿರಿವಾಜು ನಮಗೆ ಎಂತ ಗೊತ್ತುಂಟು ಮಾರಾಯ,' ಎಂದು ಹೇಳಿ ಒಬ್ಬ ಕನ್ಸಲ್ಟೆಂಟ್ ಮೇಡಂ ಅವರನ್ನು ನೇಮಿಸಿಕೊಂಡರು. ಯಾವ ಗೋಡೆಗೆ ಯಾವ ಬಣ್ಣ, ಯಾವ ಬಾಗಿಲಿಗೆ ಯಾವ ಮನುಷ್ಯ ಎಂದು ಹೇಳುವುದು ಅವರ ಕೆಲಸ. ದುಡ್ಡು ಕೊಟ್ಟು ನಮ್ಮನ್ನು ನಾವೇ ಬಚ್ಚಿಡುವ ವಿದ್ಯೆಯನ್ನು ಹೊರಗಿನಿಂದ ತರಿಸಿಕೊಳ್ಳುವುದು ನಮ್ಮವರಿಗೆ ಮಾತ್ರ ಸಾಧ್ಯ.

ಇನ್ನೂ ಮರದ ಪುಡಿಯ ವಾಸನೆ ಇದ್ದ ಆ ಮಾಲ್‌ನ ಮಳಿಗೆಯಲ್ಲೇ ಸಂದರ್ಶನ ನಡೆಯಿತು. ನಾನು ಮಾವನ ಹೆಸರು ಎತ್ತದೆ ಸಾಲಿನಲ್ಲಿ ಕುಳಿತೆ. ಮೇಡಂಗೆ ನಾನು ಯಾರೆಂದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರೋಣ ಎಂದು ಇಬ್ಬರೂ ನಟಿಸಿದೆವು. ಹಿಂದಿ, ಇಂಗ್ಲಿಷ್ ಎರಡರಲ್ಲೂ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ.

'ನಿಮ್ಮ ಹಿಂದಿ ಎಷ್ಟು ಚೆನ್ನಾಗಿದೆ,' ಎಂದರು ಮೇಡಂ. 'ಸೌತ್‌ನವರು ಅಂತ ಗೊತ್ತೇ ಆಗುವುದಿಲ್ಲ.'

'ಸೌತ್ ಇಂಡಿಯನ್ ಹೋಟೆಲಲ್ಲವೇ ಮೇಡಂ, ಗೊತ್ತಾದರೆ ನಷ್ಟವೇನು?'

ಅವರು ನಕ್ಕರು. ನಗು ಮುಗಿಸಿ, 'ನಿಮ್ಮ ಪ್ರೊಫೈಲ್ ಬ್ಯಾಕ್-ಎಂಡ್‌ಗೆ ಪರ್ಫೆಕ್ಟ್. ಸ್ಟೋರ್, ಪರ್ಚೇಸ್, ಕಿಚನ್. ಒಳಗಿನ ಜವಾಬ್ದಾರಿಯೇ ದೊಡ್ಡದು,' ಎಂದರು.

'ನಾನು ಬಾಗಿಲಿಗೆ ಅರ್ಜಿ ಹಾಕಿದ್ದು.'

'ನೋಡಿ, ಇದು ನಾನು ಮಾಡಿದ ನಿಯಮ ಅಲ್ಲ. ಗೆಸ್ಟ್ ಎದುರಿಗೆ ಮೊದಲು ಕಾಣುವ ಮುಖ ಫ್ರೆಶ್ ಆಗಿರಬೇಕು.'

'ಸ್ನಾನ ಮಾಡಿಕೊಂಡೇ ಬಂದಿದ್ದೇನೆ,' ಎಂದೆ.

ಅವರು ಪಾಪ, ಕೆಟ್ಟವರಲ್ಲ. ಕಪ್ಪು ಎನ್ನುವ ಶಬ್ದ ಬಾಯಿಗೆ ಬರದ ಹಾಗೆ ಅಷ್ಟು ಹೊತ್ತು ಮಾತಾಡುವುದೆಂದರೆ ಅದೂ ಒಂದು ಕಲೆ. ನಾನು ಮಾತಿನ ಕಲಾವಿದ, ಇನ್ನೊಬ್ಬ ಕಲಾವಿದೆಯ ಶ್ರಮ ಕಂಡರೆ ಗೌರವ ಕೊಡುತ್ತೇನೆ. ಕೈಕುಲುಕಿ ಹೊರಗೆ ಬಂದೆ.

ಹೊರಗೆ ಮೆಟ್ಟಿಲ ಮೇಲೆ ನನಗಿಂತ ಮೊದಲು ಒಳಗೆ ಹೋಗಿ ಬಂದಿದ್ದ ಒಬ್ಬಳು ಕುಳಿತು ಬ್ರೆಡ್ ಪಕೋಡ ತಿನ್ನುತ್ತಿದ್ದಳು. ಮಣಿಪುರದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಸಫ್ದರ್‌ಜಂಗ್ ಕಡೆಯ ಒಂದು ಚೈನೀಸ್ ಹೋಟೆಲಿನಲ್ಲಿ ಹೊರಾಂಗಣ ನೋಡಿಕೊಳ್ಳುತ್ತಿದ್ದಳಂತೆ, ಆ ಹೋಟೆಲು ಮುಚ್ಚಿತಂತೆ. ಅವಳೂ ಬಾಗಿಲ ಕೆಲಸಕ್ಕೇ ಬಂದವಳು. ನಮ್ಮ ಮಾತು ಹಿಂದಿಯಲ್ಲಿ ನಡೆಯಿತು.

'ನಿನಗೇನು ಹೇಳಿದರು?' ಎಂದಳು.

'ನನ್ನ ಮುಖ ಸ್ಟೋರ್ ರೂಮಿಗೆ ಹೇಳಿ ಮಾಡಿಸಿದ್ದು ಅಂದರು. ನಿಮಗೆ?'

'ನನ್ನನ್ನು ಬಾಗಿಲಲ್ಲಿ ನೋಡಿದರೆ ಗೆಸ್ಟ್ ಕನ್‌ಫ್ಯೂಸ್ ಆಗುತ್ತಾರಂತೆ. ದೋಸೆ ತಿನ್ನಲು ಬಂದವರು ಚೌಮೀನ್ ಕೇಳುತ್ತಾರಂತೆ.'

'ನೀವು ಏನಂದಿರಿ?'

'ಚೌಮೀನ್ ಹೋಟೆಲಲ್ಲಿ ಇದ್ದಾಗ ಯಾರೂ ಕನ್‌ಫ್ಯೂಸ್ ಆಗಲಿಲ್ಲ ಅಂದೆ. ಚೀನಾದಿಂದ ಬಂದೆಯಾ ಅಂತ ಕೇಳುತ್ತಿದ್ದರು, ಹೌದು ಅಂದರೆ ಟಿಪ್ಸ್ ಜಾಸ್ತಿ ಬರುತ್ತಿತ್ತು.'

'ಆದರೆ ನೀವು ಬೆಳ್ಳಗಿದ್ದೀರಲ್ಲ. ನನ್ನ ಕಷ್ಟ ನಿಮಗಿಲ್ಲ.'

ಅವಳು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. 'ಬಿಳಿಯಲ್ಲೂ ಅವರಿಗೆ ಬೇಕಾದ ಬಿಳಿ ಬೇರೆ, ಭಾಯ್,' ಎಂದು ಉಳಿದ ಪಕೋಡದ ಅರ್ಧ ಮುರಿದು ನನ್ನ ಕೈಗಿತ್ತಳು.

ಆಗ ದೆಹಲಿಯಲ್ಲಿ ಒಂದೇ ಮಾತು. ಉನ್ನತ ಶಿಕ್ಷಣದಲ್ಲಿ ಮೀಸಲಾತಿ ವಿಸ್ತರಿಸುತ್ತಾರೆ ಎಂಬ ಸುದ್ದಿಗೆ ವೈದ್ಯ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಕೆಲವರು ಬಿಳಿ ಕೋಟು ತೊಟ್ಟು ರಸ್ತೆ ಗುಡಿಸಿದರು, ಬೂಟು ಪಾಲಿಶ್ ಮಾಡಿದರು. ಮೆರಿಟ್ ಸತ್ತರೆ ನಮಗೆ ಇದೇ ಗತಿ ಎಂದು ತೋರಿಸಲು. ಪಕ್ಕದಲ್ಲೇ ದಿನಾ ಆ ರಸ್ತೆ ಗುಡಿಸುವವನು ಪೊರಕೆ ಹಿಡಿದು ನಿಂತು ನೋಡುತ್ತಿದ್ದುದು ಟಿ.ವಿ.ಯಲ್ಲಿ ಒಂದು ಕ್ಷಣ ಕಂಡು ಮಾಯವಾಯಿತು. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾನು ಅಂದು ಸಂಜೆ ಅಡುಗೆಮನೆಯಲ್ಲಿ ಅವನ ಪಾತ್ರ ಮಾಡಿ ತೋರಿಸಿದೆ: ಒಂದು ಮಾತೂ ಇಲ್ಲ, ಬರೀ ಡಾಕ್ಟರ್ ಸಾಹೇಬರು ಪೊರಕೆ ಹಿಡಿದ ರೀತಿ ನೋಡಿ ಸಂಕಟಪಡುವ ಮುಖ. ಜನ ಬಿದ್ದು ಬಿದ್ದು ನಕ್ಕರು.

ಮಾವ ನಗಲಿಲ್ಲ. ಅವರು ಮೆರಿಟ್ ಪಕ್ಷ. ಗಲ್ಲಾದಲ್ಲಿ ಕುಳಿತು ಬರುವ ಹೋಗುವ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು: 'ಯೋಗ್ಯತೆ ಇದ್ದವನಿಗೆ ಸೀಟು ಕೊಡಬೇಕು ಸಾರ್. ಜಾತಿ ನೋಡಿ ಕೊಡುವುದೆಂದರೆ ಎಂತ ಅದು?'

ಹೀಗೆ ಹೇಳುವ ಮಾವನ ಬೆನ್ನ ಹಿಂದೆ ಇದ್ದ ಅಡುಗೆಮನೆಯಲ್ಲಿ ಭಟ್ಟರಿಂದ ಹಿಡಿದು ಚಟ್ನಿ ರುಬ್ಬುವವನ ತನಕ ಎಲ್ಲರೂ ನಮ್ಮೂರಿನ ಸುತ್ತಮುತ್ತಲಿನವರು. ದೋಸೆ ಕಾವಲಿಯ ಮುಂದಂತೂ ನಮ್ಮ ಜಾತಿಯವರನ್ನು ಬಿಟ್ಟು ಬೇರೊಬ್ಬರು ನಿಂತದ್ದನ್ನು ನಾನು ಕಂಡಿಲ್ಲ. ಅದು ನಮ್ಮ ಹೋಟೆಲಿನ ರೂಢಿ. ಹೊರಗಿನವನೆಂದರೆ ತರಕಾರಿ ಹೆಚ್ಚುವ ಒಬ್ಬ ಗಢವಾಲಿ, ಹಿಮಾಲಯದ ಬೆಟ್ಟದ ಕಡೆಯವನು. ನಲವತ್ತು ದಾಟಿದವನು, ಬಾಯಿ ಬಲು ಜೋರು, ನನ್ನನ್ನು ಬೇಕೆಂದೇ 'ಛೋಟೇ ಮಾಲಿಕ್', ಚಿಕ್ಕ ಧಣಿ, ಎಂದು ಕರೆಯುವವನು. ನನ್ನ ಸಂದರ್ಶನದ ಕಥೆಯನ್ನು ನಾನು ಮೇಡಂ ಧ್ವನಿಯಲ್ಲಿ ಅಭಿನಯಿಸಿ ಮುಗಿಸಿದಾಗ ಈರುಳ್ಳಿಯಿಂದ ತಲೆ ಎತ್ತಿದ.

'ಅಚ್ಛಾ, ಛೋಟೇ ಮಾಲಿಕ್. ಬಣ್ಣ ನೋಡಿ ನಿಮ್ಮನ್ನು ಬಾಗಿಲಿಗೆ ಬಿಡಲಿಲ್ಲ. ಬಹಳ ಅನ್ಯಾಯ. ನನ್ನನ್ನು ಆ ತವಾದ ಹತ್ತಿರ ಏನು ನೋಡಿ ಬಿಡುತ್ತಿಲ್ಲ?'

'ಅದು ಬೇರೆ,' ಎಂದೆ.

'ಹೌದು ಹೌದು. ಯಾವಾಗಲೂ ಇನ್ನೊಬ್ಬರದ್ದು ಬೇರೆಯೇ,' ಎಂದು ಮತ್ತೆ ಈರುಳ್ಳಿಗೆ ಹೋದ.

ನಾನು ಅವನ ಧಾಟಿಯನ್ನೇ ಅಣಕಿಸಿ ತಪ್ಪಿಸಿಕೊಂಡೆ. ಆದರೆ ಅವನ ಮಾತು ಹಲ್ಲಿನ ಸಂದಿಯ ಕರಿಬೇವಿನ ಹಾಗೆ ಕುಳಿತುಬಿಟ್ಟಿತು.

ಆದರೂ ನಾನು ಬಾಗಿಲನ್ನು ಬಿಡಲು ತಯಾರಿರಲಿಲ್ಲ. ಮೇಡಂ ಇನ್ನೂ ಜನರನ್ನು ಹುಡುಕುತ್ತಿದ್ದರು, ದೂರದಲ್ಲಿದ್ದವರನ್ನು ಮೊದಲು ಫೋನಿನಲ್ಲಿ ಮಾತಾಡಿಸಿ ಆರಿಸುತ್ತಿದ್ದರು. ಅದು ತಿಳಿದಾಗ ನನಗೆ ಪರಮಾನಂದವಾಯಿತು. ಕಣ್ಣು ಮುಚ್ಚಿಕೊಂಡು ನಡೆಯುವ ಸಂದರ್ಶನ ಕೊನೆಗೂ ಸಿಕ್ಕಿತ್ತು. ಗೆಳೆಯನ ಮೊಬೈಲಿನಿಂದ ಕರೆ ಮಾಡಿ, ಪಶ್ಚಿಮ ದೆಹಲಿಯಲ್ಲಿ ಮೂರು ಅಂತಸ್ತಿನ ಮನೆಯಿರುವ, ಬೆಳಿಗ್ಗೆ ಎರಡು ಲೋಟ ಲಸ್ಸಿ ಕುಡಿದ, ಯಾವತ್ತೂ ಯಾರಿಂದಲೂ 'ಇಲ್ಲ' ಅನ್ನಿಸಿಕೊಳ್ಳದ ಒಬ್ಬ ಹುಡುಗನ ಧ್ವನಿಯಲ್ಲಿ ಮಾತಾಡಿದೆ. ಅನುಭವ, ಓದು, ಎಲ್ಲ ನನ್ನದೇ ಹೇಳಿದೆ. ಧ್ವನಿ ಮಾತ್ರ ಅವನದು.

'ನಮಗೆ ಬೇಕಾಗಿರುವುದು ಇದೇ ಕಾನ್ಫಿಡೆನ್ಸ್,' ಎಂದರು ಮೇಡಂ. 'ನಾಳೆ ಬನ್ನಿ. ಇದು ಬರೀ ಔಪಚಾರಿಕ ಅಂದುಕೊಳ್ಳಿ.'

ಮರುದಿನ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವರ ಮುಂದೆ ಹೋಗಿ ಕುಳಿತೆ.

'ನೀವು ಮತ್ತೆ ಯಾಕೆ?' ಎಂದರು. 'ನಾನು ಬೇರೊಬ್ಬರಿಗೆ ಕಾಯುತ್ತಿದ್ದೇನೆ.'

ಲಸ್ಸಿ ಹುಡುಗನ ಧ್ವನಿಯಲ್ಲೇ, 'ಬಂದಿದ್ದೇನಲ್ಲ ಮೇಡಂ,' ಎಂದೆ.

ಅವರ ಮುಖದಲ್ಲಿ ಆದ ಬದಲಾವಣೆಗಳನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ. ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಸಿಟ್ಟು.

'ಇದು ಮೋಸ.'

'ಯಾವುದು ಮೋಸ ಮೇಡಂ? ನಿನ್ನೆ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಈ ಬಾಯಿಗೆ ನೀವು ಕೆಲಸ ಕೊಟ್ಟಿರಿ. ಬಾಯಿ ಈ ಮುಖದಲ್ಲೇ ಇದೆ, ಬಿಚ್ಚಿ ಕಳಿಸಲು ಬರುವುದಿಲ್ಲ.'

ಅವರು ಯೋಚಿಸಿದರು. ನಿಜವಾಗಿ ಯೋಚಿಸಿದರು ಎಂದೇ ಹೇಳಬೇಕು. ಆಮೇಲೆ ಅವರ ಕಣ್ಣು ಹೊಳೆಯಿತು. 'ಹೀಗೆ ಮಾಡೋಣ. ಫೋನಿನಲ್ಲಿ ಟೇಬಲ್ ಬುಕಿಂಗ್ ತೆಗೆದುಕೊಳ್ಳುವುದು ನಿಮ್ಮ ಕೆಲಸ. ಹಿಂದೆ ಒಂದು ಕ್ಯಾಬಿನ್ ಕೊಡಿಸುತ್ತೇನೆ. ನಿಮ್ಮ ಧ್ವನಿಯೇ ನಮ್ಮ ಬ್ರ್ಯಾಂಡ್.'

ನನ್ನ ಧ್ವನಿ ಬಾಗಿಲಿಗೆ, ನಾನು ಹಿಂದಿನ ಕೋಣೆಗೆ. ಇಂಥ ಪಾಲು ವಿಂಗಡಣೆಯನ್ನು ನಮ್ಮೂರಿನ ಜಮೀನು ವ್ಯಾಜ್ಯಗಳಲ್ಲೂ ಕೇಳಿರಲಿಲ್ಲ. 'ಬೇಡ,' ಎಂದೆ. 'ಬಂದರೆ ಇಡಿಯಾಗಿ ಬರುತ್ತೇನೆ.'

'ನೋಡಿ,' ಎಂದರು ಮೇಡಂ, ಈ ಸಲ ದನಿ ಸ್ವಲ್ಪ ಗಟ್ಟಿಯಾಗಿತ್ತು. 'ನಾನು ಆಗಲೇ ಬೇರೆ ಹುಡುಗರನ್ನೂ ಆರಿಸಿದ್ದೇನೆ. ನಿಮಗೆ ಬೇಸರವಾಗಬಾರದು ಅಂತ ಅವರನ್ನು ಬಿಟ್ಟು ನಿಮ್ಮನ್ನು ನಿಲ್ಲಿಸಿದರೆ ಅವರಿಗೆ ಅನ್ಯಾಯ ಆಗುವುದಿಲ್ಲವೇ? ಅದಕ್ಕೂ ಒಂದು ಹೆಸರಿದೆ, ರಿವರ್ಸ್ ಡಿಸ್ಕ್ರಿಮಿನೇಷನ್. ಮೇಲಾಗಿ ನೀವು ಓನರ್ ಅಳಿಯ. ಜನ ಏನೆನ್ನುತ್ತಾರೆ?'

ಕೊನೆಯ ಮಾತು ಸರಿಯಾದ ಜಾಗಕ್ಕೇ ತಾಗಿತು. ಮಣಿಪುರದವಳಿಗೆ ಒಂದೇ ಸಂದರ್ಶನ ಸಿಕ್ಕಿತ್ತು. ನನಗೆ ಎರಡು, ಜೊತೆಗೆ ಮೇಡಂ ಸಹನೆ. ಅಳಿಯನಲ್ಲದೆ ಬೇರೆ ಯಾರಾದರೂ ಈ ನಾಟಕ ಆಡಿದ್ದರೆ ಸೆಕ್ಯುರಿಟಿಯವನು ಕತ್ತು ಹಿಡಿದು ಎಸ್ಕಲೇಟರ್ ಮೇಲೆ ಇಡುತ್ತಿದ್ದ.

ಆರಿಸಲ್ಪಟ್ಟವರಲ್ಲಿ ಮುಖ್ಯನಾದವನು ರೋಹ್ಟಕ್‌ನ ಒಬ್ಬ ಹುಡುಗ. ಆರಡಿ ಎತ್ತರ, ಹಾಲಿನ ಬಣ್ಣ. ಅವನಿಗೆ ರೇಷ್ಮೆ ಪಂಚೆ ಉಡಿಸಿ, ಕೈ ಮುಗಿದು 'ವಣಕ್ಕಂ' ಎನ್ನುವುದನ್ನು ಕಲಿಸಲಾಗುತ್ತಿತ್ತು. ಕನ್ನಡಿಗರ ಹೋಟೆಲಿನಲ್ಲಿ ಹರಿಯಾಣದವನ ಬಾಯಲ್ಲಿ ತಮಿಳು. ಪಂಚೆ ಯಾವ ಗಳಿಗೆಯಲ್ಲಿ ಜಾರುತ್ತದೋ ಎಂಬ ಹೆದರಿಕೆಯಲ್ಲಿ ಒಂದು ಕೈಯಲ್ಲೇ ಅರ್ಧ ವಣಕ್ಕಂ ಮಾಡುತ್ತಿದ್ದ. ನಾನೇ ಅವನಿಗೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳಲು ಹೇಳಿಕೊಟ್ಟೆ. ವೈರಿಯಾದರೂ ಮಾನ ಎಲ್ಲರಿಗೂ ಒಂದೇ.

ನನಗೆ ತಿರುವು ಕೊಟ್ಟದ್ದು ನನ್ನ ಚಾಲಾಕಿತನವಲ್ಲ, ಒಂದು ನಕ್ಷೆ. ಒಂದು ಮಧ್ಯಾಹ್ನ ಮೇಡಂ ಹೊಸ ಮಳಿಗೆಯ ನಕ್ಷೆಯನ್ನು ಕರೋಲ್ ಬಾಗಿಗೆ ತಂದು ಮೇಜಿನ ಮೇಲೆ ಹಾಸಿದರು. ನಮ್ಮ ಕರಾವಳಿಯ ಹೋಟೆಲುಗಳಲ್ಲಿ ಧಣಿ ಕೂರುವ ಜಾಗ ಒಂದೇ, ಬಾಗಿಲ ಪಕ್ಕದ ಗಲ್ಲಾ. ತಲೆಯ ಮೇಲೆ ದೇವರ ಪಟ, ಮುಂದೆ ಸೋಂಪಿನ ಬಟ್ಟಲು. ಬಂದವರಿಗೆ ಮೊದಲು ಕಾಣುವವರು ಅವರೇ, ಹೋಗುವಾಗ ಕೊನೆಗೆ ಕಾಣುವವರೂ ಅವರೇ. ಮಾವ ಕನ್ನಡಕ ಹಾಕಿಕೊಂಡು ನಕ್ಷೆಯ ಬಾಗಿಲ ಬಳಿ ಬೆರಳಿಟ್ಟು ಹುಡುಕಿದರು.

'ಗಲ್ಲಾ ಕಿಧರ್ ಹೈ?'

'ಬಿಲ್ಲಿಂಗ್ ಹಿಂದೆ ಇದೆ ಸರ್. ಕಂಪ್ಯೂಟರಿನಲ್ಲಿ.'

'ಮತ್ತೆ ನಾನು ಕೂರುವುದು?'

'ನಿಮಗೆ ಪೂರ್ತಿ ಕ್ಯಾಬಿನ್ ಸರ್. ಏಸಿ, ಸೋಫಾ. ಕ್ಯಾಮೆರಾದಲ್ಲಿ ನಿಮಗೆ ಇಡೀ ಹೋಟೆಲು ಕಾಣುತ್ತದೆ.'

'ಗಿರಾಕಿಗಳಿಗೆ ನಾನು ಕಾಣುತ್ತೇನಾ?'

ಮೇಡಂ ಸಹಜವಾಗಿ, ನಯವಾಗಿ, 'ಅದರ ಅಗತ್ಯವೇನಿದೆ ಸರ್?' ಎಂದರು.

ಮಾವ ನಕ್ಷೆಯ ಮೇಲಿನಿಂದ ಬೆರಳು ತೆಗೆದರು. ಅವರ ಬಣ್ಣ ನನ್ನದೇ. ಅಥವಾ ನನ್ನದು ಅವರದು, ಬಂದದ್ದು ಅದೇ ಕಡೆಯಿಂದ. ಹಣೆಗೆ ಗಂಧ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಬಿಳಿ ಪಂಚೆ. ರೋಹ್ಟಕ್ ಹುಡುಗನಿಗೆ ತೊಡಿಸಲು ಹೊರಟಿದ್ದ ವೇಷವನ್ನು ಅವರು ದಿನಾ ಬೆಳಿಗ್ಗೆ ಬಟ್ಟೆ ಎಂದುಕೊಂಡು ಉಡುತ್ತಿದ್ದರು.

ಮೇಡಂ ಹೋದ ಮೇಲೆ ನನ್ನನ್ನು ಕರೆದರು. 'ನಿನಗೆ ಎಂತ ಹೇಳಿದ್ದು ಅವರು, ಆ ದಿನ?'

ನಾನು ಮಾಡಿ ತೋರಿಸಿದೆ. ಮೇಡಂ ಕೂರುವ ರೀತಿ, ಪೆನ್ನು ತಿರುಗಿಸುವ ರೀತಿ, 'ಫ್ರೆಶ್' ಎನ್ನುವಾಗ ಮೂಗು ಸ್ವಲ್ಪ ಮೇಲೆ ಹೋಗುವುದು, ಎಲ್ಲ. ಮಾವನಿಗೆ ನನ್ನ ಅಣಕ ಎಂದರೆ ಹೊಟ್ಟೆ ಹಿಡಿದುಕೊಂಡು ನಗುವಷ್ಟು ಇಷ್ಟ. ಅಂದು ನಗಲಿಲ್ಲ.

'ಇನ್ನೊಮ್ಮೆ ಮಾಡು,' ಎಂದರು.

ಮಾಡಿದೆ. ಎರಡನೆಯ ಸಲ ನನಗೂ ನಗು ಬರಲಿಲ್ಲ.

'ಆಯ್ತು,' ಎಂದರು ಮಾವ. 'ನೀನೇ ನಿಲ್ಲು ಬಾಗಿಲಲ್ಲಿ. ಹೋಟೆಲು ನನ್ನದು, ಅಳಿಯ ನನ್ನವ. ಕೇಳುವುದು ಯಾರು?'

ಬೇಕೆಂದು ಅಷ್ಟು ದಿನ ಒದ್ದಾಡಿದ ಕೆಲಸ ತಟ್ಟೆಯಲ್ಲಿ ಬಂದಿತ್ತು. 'ಹಾಗೆ ಬೇಡ ಮಾವ,' ಎಂದೆ.

'ಎಂತ ಬೇಡ?'

'ಅಳಿಯ ಅಂತ ನಿಂತರೆ ಅವರು ಹೇಳುವುದೇ ಸರಿಯಾಗುತ್ತದೆ. ಬಣ್ಣ ನೋಡಿ ನನ್ನನ್ನು ತೆಗೆದರು, ರಕ್ತ ನೋಡಿ ನೀವು ಹಾಕುತ್ತೀರಿ. ಎರಡರಲ್ಲೂ ನಾನು ಕೆಲಸ ಬಲ್ಲೆನೋ ಇಲ್ಲವೋ ಯಾರೂ ನೋಡಲಿಲ್ಲ. ಭಾನುವಾರ ಮಧ್ಯಾಹ್ನ ಇಲ್ಲಿಯ ಬಾಗಿಲಲ್ಲಿ ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ. ಆ ಹುಡುಗ, ನಾನು, ಆ ಮಣಿಪುರದವಳು. ನೀವು ಗಲ್ಲಾದಿಂದ ನೋಡಿ.'

'ಮಣಿಪುರದವಳು ಯಾಕೆ?'

'ಯಾಕೆ ಬೇಡ?'

ಮಾವ ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡರು. 'ಅಡ್ಡಿಲ್ಲ,' ಎಂದರು. ಕೂಡಲೇ ನಾನು, 'ಹಾಗೆಯೇ ಕಾವಲಿಯ ಹತ್ತಿರ ನಮ್ಮ ಗಢವಾಲಿಯನ್ನೂ ಒಂದು ದಿನ,' ಎಂದೆ.

'ನೀನು ಈಗ ಏಳು ಇಲ್ಲಿಂದ,' ಎಂದರು.

ಮಣಿಪುರದವಳ ನಂಬರನ್ನು ಅವಳ ಅರ್ಜಿಯಲ್ಲಿ ಹುಡುಕಿ ನಾನೇ ಫೋನ್ ಮಾಡಿ ಕರೆದೆ. ಸುದ್ದಿ ರೋಹ್ಟಕ್ ಹುಡುಗನಿಗೆ ಮುಟ್ಟಿತು. ಅವನು ನನ್ನನ್ನು ಹುಡುಕಿಕೊಂಡು ಬಂದ. 'ನನ್ನನ್ನು ಆರಿಸಿಯಾಗಿತ್ತು ಭಾಯ್. ಈಗ ನಿಮ್ಮಿಬ್ಬರಿಗೋಸ್ಕರ ಮತ್ತೆ ಪರೀಕ್ಷೆ. ಇದು ರಿವರ್ಸ್ ಅಲ್ಲದೆ ಮತ್ತೇನು?'

'ನಿನ್ನ ಗಾಡಿ ನನ್ನ ಕಾಲ ಮೇಲೆ ಹತ್ತಿ ನಿಂತಿದೆ,' ಎಂದೆ. 'ಇಳಿಸು ಅಂದರೆ ರಿವರ್ಸ್ ಅನ್ನುತ್ತೀಯ. ಹೌದಪ್ಪ, ರಿವರ್ಸ್ ಹಾಕದೆ ಇಳಿಯುವುದಿಲ್ಲ.'

'ಹತ್ತಿಸಿದ್ದು ನಾನಾ? ನಾನು ಹೀಗೆ ಹುಟ್ಟಿದ್ದು ನನ್ನ ತಪ್ಪಾ? ನನಗೂ ಕೆಲಸ ಬೇಕು.'

ನನ್ನ ಗಾಡಿಯ ಜಾಣ ಮಾತು ಅಲ್ಲಿಗೆ ಪಂಕ್ಚರ್ ಆಯಿತು. ಅವನ ತಪ್ಪಲ್ಲ. ಆದರೆ ಕಾಲು ನನ್ನದು, ಅವನ ತಪ್ಪಲ್ಲವೆಂದು ಹೇಳಿದರೆ ಅದರ ನೋವು ಹೋಗುವುದಿಲ್ಲ. 'ಕೆಲಸ ನಿನಗೂ ಬೇಕು, ನನಗೂ ಬೇಕು,' ಎಂದೆ. 'ಭಾನುವಾರ ಬಾ. ಗೆದ್ದರೆ ನಾನೇ ನಿನಗೆ ಪಂಚೆ ಉಡಿಸುತ್ತೇನೆ.'

ನಮ್ಮ ಹೋಟೆಲಿನ ಭಾನುವಾರದ ಮಧ್ಯಾಹ್ನವನ್ನು ನೋಡದವರಿಗೆ ವಿವರಿಸುವುದು ಕಷ್ಟ. ಊಟ ಮಾಡುತ್ತಿರುವವರ ಕುರ್ಚಿಯ ಹಿಂದೆಯೇ ಮುಂದಿನ ಸರದಿಯವರು ಬಂದು ನಿಲ್ಲುತ್ತಾರೆ. ಕುಳಿತವನು ಕೊನೆಯ ತುತ್ತು ನುಂಗುವ ಮೊದಲೇ ಕುರ್ಚಿಯ ಬೆನ್ನಿಗೆ ಕೈ ಬಿದ್ದಿರುತ್ತದೆ. ಬಾಗಿಲಲ್ಲಿರುವವರ ಕೆಲಸ ಈ ಜನವನ್ನು ಹೊರಗೇ ನಿಲ್ಲಿಸಿ, ಜಗಳವಾಗದಂತೆ ಸರದಿಯಲ್ಲಿ ಒಳಗೆ ಬಿಡುವುದು.

ಮೊದಲು ರೋಹ್ಟಕ್ ಹುಡುಗ ನಿಂತ. ಅವನು ಚೆನ್ನಾಗಿಯೇ ಮಾಡಿದ, ಇಲ್ಲವೆಂದರೆ ನನ್ನ ನಾಲಿಗೆಗೆ ಕೆಟ್ಟ ಹೆಸರು. ನಗುಮುಖ, ಸಮಾಧಾನ. ಒಂದೇ ದೋಷ, ದೊಡ್ಡ ಕಾರಿನಿಂದ ಇಳಿದವರನ್ನು ಕಂಡ ಕೂಡಲೇ ಅವನ ಕೈ ತಾನಾಗಿ ಒಳಗಿನ ದಾರಿ ತೋರಿಸುತ್ತಿತ್ತು.

ಆಮೇಲೆ ನಾನು. ಜನರನ್ನು ನಗಿಸಿದೆ. ಸರ್ದಾರ್‌ಜಿಗೆ ಸರ್ದಾರ್‌ಜಿಯಾದೆ, ಬಂಗಾಳಿ ಅಜ್ಜಿಗೆ ಬಂಗಾಳಿಯಾದೆ. ಅಷ್ಟರಲ್ಲಿ ಒಬ್ಬ ಹಿರಿಯರು ಹತ್ತು ಜನರ ಸಂಸಾರದೊಂದಿಗೆ ಬಂದು, 'ಓನರ್ ನಮ್ಮ ಹಳೇ ಪರಿಚಯ, ಬಿಡು,' ಎಂದರು. ನಾನು ಅವರದೇ ಧಾಟಿಯಲ್ಲಿ ಏನೋ ಅಂದೆ. ಅವರು ಗಹಗಹಿಸಿ ನನ್ನ ಬೆನ್ನು ತಟ್ಟಿದರು. ಆ ತಟ್ಟಿದ ಸಂತೋಷದಲ್ಲಿ ನಾನು ಪಕ್ಕಕ್ಕೆ ಸರಿದೆ, ಹತ್ತೂ ಜನ ಒಳಗೆ ಹೋದರು. ಹೊರಗೆ ಕಾಯುತ್ತಿದ್ದವರು ನಗುವುದನ್ನು ನಿಲ್ಲಿಸಿದರು.

ಕೊನೆಗೆ ಅವಳು ನಿಂತಳು. ನಗಿಸಲಿಲ್ಲ, ಹೆಚ್ಚು ಬಾಗಲಿಲ್ಲ. ಅವಳ ಸರದಿಯಲ್ಲೂ ಮಾವನ ಹಳೇ ಪರಿಚಯದವರು ಬಂದರು. ನಮ್ಮ ಮಾವನಿಗೆ ಹಳೇ ಪರಿಚಯವಿಲ್ಲದವರು ಕರೋಲ್ ಬಾಗಿನಲ್ಲಿ ಹುಟ್ಟಿಲ್ಲ.

'ಓನರ್ ನಿಮ್ಮನ್ನು ಬಲ್ಲರು ಅಂಕಲ್‌ಜಿ,' ಎಂದಳು ಅವಳು. 'ಸಾಲಿನಲ್ಲಿರುವ ಇವರೆಲ್ಲ ಅವರಿಗೆ ಗೊತ್ತಿಲ್ಲ. ಮನೆಯವರು ಕಾಯಬಹುದು, ಅತಿಥಿಗಳನ್ನು ಕಾಯಿಸಬಾರದು ಅಲ್ಲವೇ?'

ಅಂಕಲ್‌ಜಿ ಹೆಂಡತಿಯ ಮುಖ ನೋಡಿದರು, ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಸಾಲಿನಲ್ಲಿ ಒಬ್ಬ 'ಶಾಬಾಶ್' ಎಂದ. ಒಬ್ಬ ಗಿರಾಕಿ ಮಾತ್ರ ಅವಳ ಮುಖ ನೋಡಿ, 'ಮೋಮೋ ಸಿಗುತ್ತಾ?' ಎಂದು ಕಿಸಕ್ಕೆಂದ. 'ಸಿಗುತ್ತದೆ ಸರ್, ಇದೇ ರಸ್ತೆಯ ಕೊನೆಯಲ್ಲಿ. ನಿಮ್ಮ ಸರದಿ ಬೇರೆಯವರಿಗೆ ಕೊಡಲಾ?' ಎಂದಳು. ಅವನು ದೋಸೆಗೇ ನಿಂತ.

ಮಾವ ಗಲ್ಲಾದಿಂದ ಎಲ್ಲ ನೋಡುತ್ತಿದ್ದರು. ಜನ ಕರಗಿದ ಮೇಲೆ ನನ್ನನ್ನು ಕರೆದು, 'ಮ್ಯಾನೇಜರ್ ಅವಳು,' ಎಂದರು. 'ನೀನು ಅವಳ ಕೈಕೆಳಗೆ. ಆ ಹುಡುಗನೂ ಇರಲಿ, ಒಳ್ಳೆಯವನು.' ಆಮೇಲೆ ತಗ್ಗಿದ ಧ್ವನಿಯಲ್ಲಿ, 'ಬೇಸರವಾ?' ಎಂದು ಕೇಳಿದರು.

ಬೇಸರ ಆಗಿತ್ತು. ಬಣ್ಣಕ್ಕೆ ಸೋತಿದ್ದರೆ ಊರೆಲ್ಲ ಸಾರಬಹುದಿತ್ತು, ಇದನ್ನು ಯಾರಿಗೆ ಹೇಳುವುದು? ಆದರೆ ಹೀಗೆ ಸೋಲುವ ಹಕ್ಕಿಗಾಗಿಯೇ ನಾನು ಅಷ್ಟೆಲ್ಲ ಗಲಾಟೆ ಮಾಡಿದ್ದು. ನಾನು ಕಪ್ಪು ಎಂದು ಸೋಲಲಿಲ್ಲ, ಬೆನ್ನು ತಟ್ಟಿದರೆ ಕರಗುತ್ತೇನೆ ಎಂದು ಸೋತೆ. ಅದು ತಿದ್ದಿಕೊಳ್ಳಬಹುದಾದ ಕಾಯಿಲೆ.

ಮೇಡಂ ತಮ್ಮ ಆಕ್ಷೇಪ ದಾಖಲಿಸಿ, ಶಿಸ್ತಿನಿಂದ ಉಳಿದ ಕೆಲಸ ಮುಗಿಸಿಕೊಟ್ಟರು. ಗುರ್ಗಾಂವ್‌ನಲ್ಲಿ ಗಲ್ಲಾ ಬಾಗಿಲ ಪಕ್ಕಕ್ಕೇ ಬಂತು, ವಣಕ್ಕಂ ಹೋಗಿ ನಮಸ್ಕಾರ ಬಂತು. ಹುಡುಗರು ಒಳಗೊಳಗೆ 'ನಾರ್ತ್-ಈಸ್ಟ್ ಕೋಟಾ', 'ಮದ್ರಾಸಿ ಕೋಟಾ' ಎಂದು ಗೊಣಗುತ್ತಿದ್ದರು. ನಾನು ಎದುರಿಗೇ ಹೇಳಿದೆ: ಕೋಟಾ ಈ ಬಾಗಿಲಿಗೆ ಮೊದಲಿನಿಂದಲೂ ಇತ್ತು, ಹಾಲಿನ ಬಣ್ಣದ್ದು, ಅದಕ್ಕೆ ಮುಷ್ಕರ ಹೂಡಿದವರು ಯಾರೂ ಇರಲಿಲ್ಲ. ಕಾವಲಿಯ ವಿಷಯದಲ್ಲಿ ಮಾವ ಬಗ್ಗಲಿಲ್ಲ. ಗಢವಾಲಿ ಒಂದು ದಿನ ಚಾಕು ಕೆಳಗಿಟ್ಟು, ನೋಯ್ಡಾದಲ್ಲಿ ಒಬ್ಬರು ತನಗೆ ತವಾ ಕೊಡುತ್ತಾರೆಂದು ಹೊರಟುಹೋದ. ಅವತ್ತು ನಾನು ಮಾವನ ಜೊತೆ ಆಡಿದ ಜಗಳ ಇನ್ನೂ ಮುಗಿದಿಲ್ಲ. ಈಗಲೂ ಯಾರಾದರೂ ಗಿರಾಕಿಗೆ ಅವರು ಮೆರಿಟ್ ಬಗ್ಗೆ ಹೇಳಲು ಶುರುಮಾಡಿದರೆ ನಾನು ಹೋಗಿ ಎದುರಿಗೆ ನಿಲ್ಲುತ್ತೇನೆ, ಅವರು ವಿಷಯ ಬದಲಿಸುತ್ತಾರೆ.

ತೆರೆದ ಮೊದಲ ಶನಿವಾರ ಮಾಲ್ ತುಂಬಿತ್ತು. ಬಾಗಿಲಲ್ಲಿ ಅವಳು, ಪಕ್ಕದಲ್ಲಿ ನಾನು, ನಮ್ಮ ಹಿಂದೆ ಒಳಗಿನ ಮೇಜುಗಳನ್ನು ನೋಡಿಕೊಳ್ಳುತ್ತ ರೋಹ್ಟಕ್ ಹುಡುಗ. ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಒಬ್ಬ ಮಹಾಶಯರು ಬಂದರು. ಅವಳನ್ನು ನೋಡಿದರು, ನನ್ನನ್ನು ನೋಡಿದರು, ಇಬ್ಬರ ಹೆಗಲ ಮೇಲಿಂದ ಒಳಗಿದ್ದ ಹುಡುಗನನ್ನು ಕರೆದು, 'ಮ್ಯಾನೇಜರ್ ನೀವೇ ತಾನೆ? ನಾಲ್ಕು ಜನರಿಗೆ ಬೇಗ ಒಂದು ಟೇಬಲ್ ಮಾಡ್ರಿ,' ಎಂದರು.

ಹುಡುಗ 'ಹಾಂ' ಎಂದುಬಿಡಬಹುದಿತ್ತು, ಅವನ ಮನಸ್ಸಿನಲ್ಲಿ ಆ ಕೆಲಸ ಇನ್ನೂ ಅವನದೇ ಆಗಿತ್ತು. ಅವನು ಒಂದು ಗಳಿಗೆ ಅವಳ ಬೆನ್ನನ್ನು ನೋಡಿದ.

'ನಾನಲ್ಲ ಸರ್. ಮ್ಯಾನೇಜರ್ ಅವರು,' ಎಂದು ಅವಳ ಕಡೆ ಕೈ ತೋರಿಸಿದ. ಸಂತೋಷದಿಂದ ಹೇಳಿದನೆಂದು ನಾನು ಬರೆಯಲಾರೆ.

ಮಹಾಶಯರು ನಿಧಾನವಾಗಿ ಅವಳ ಕಡೆ ತಿರುಗಿದರು. 'ಓ. ನೀವಾ?'

'ನಾನೇ,' ಎಂದಳು. 'ಇಪ್ಪತ್ತು ನಿಮಿಷ ಆಗುತ್ತದೆ ಸರ್. ಅಲ್ಲಿ ನಿಂತಿರಿ.'

ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗಿ ನಿಂತರು.